ತೊಂಬತ್ತೊಂದು ಎಂದರೆ ಎಷ್ಟು?

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಮೊದಲು ಒಪ್ಪಲಿಲ್ಲ. ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ನನಗೆ ಬಂದ ಅಂಕ ಎಷ್ಟೆಂದು ನಮ್ಮ ಮಾಷ್ಟ್ರಿಗೆ ಇನ್ನೂ ನೆನಪಿದೆ. ಶಾಲೆ ಹುಟ್ಟಿದ ಬಗೆಯನ್ನು, ಜಾಗ ಕೊಟ್ಟ ಮಹನೀಯರನ್ನು, ಹಂಚು ಹಾರಿಹೋದ ಮಳೆಗಾಲಗಳನ್ನು ಬಲ್ಲ ಹಿರಿಯರು ಈ ಸಂಚಿಕೆಯಲ್ಲಿ ಬರೆಯುತ್ತಾರೆ. ಬಿ.ಇ. ಓದಿ, ಬೆಂಗಳೂರಿನಲ್ಲಿ ಕೂತು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ನನಗೆ ಗೊತ್ತಿರುವ ಇತಿಹಾಸ ಒಂದೇ. ಅದು ಪೆಟ್ರೋಲಿನ ಮೇಲೆ ಬರೆಯುವ ಒಂದು ಅಂಕಿಯ ಇತಿಹಾಸ. ಅದನ್ನು ನಾನು ಆಸಕ್ತಿಯಿಂದ ಓದಿದ್ದಲ್ಲ. ಆ ಅಂಕಿಯನ್ನು ತಪ್ಪಾಗಿ ತಿಳಿದು, ಇದೇ ಶಾಲೆಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯನ ಬೋಟಿನ ಇಂಜಿನನ್ನು ಹಾಳುಗೆಡವಿದ ಮೇಲೆ ಓದಿದ್ದು.

ನಡೆದದ್ದು 2019ರ ಡಿಸೆಂಬರಿನಲ್ಲಿ. ಗೆಳೆಯ ಪ್ರವಾಸಿಗರನ್ನು ಕಡಲಲ್ಲಿ ಸುತ್ತಾಡಿಸಲೆಂದು ಸೆಕೆಂಡ್ ಹ್ಯಾಂಡ್ ಸ್ಪೀಡ್ ಬೋಟೊಂದನ್ನು ಸಾಲ ಮಾಡಿ ತಂದಿದ್ದ. ಸೂಪರ್‌ಚಾರ್ಜರ್ ಇದ್ದ ಇಂಜಿನ್. ಅಂದರೆ ಗಾಳಿಯನ್ನು ತಾನಾಗಿ ಎಳೆದುಕೊಳ್ಳುವುದಷ್ಟೇ ಅಲ್ಲ, ಒತ್ತಿ ತುಂಬಿಸಿಕೊಳ್ಳುವ ಇಂಜಿನ್. ಒಂದು ಸಂಜೆ ಫೋನ್ ಮಾಡಿದ. "ಮಾರಾಯಾ, ಇಂಜಿನ್ ಮೇಲ್ ಆಕ್ಟೇನ್ 91 ಅಂದೇಳಿ ಬರ್ದಿತ್ತ್. ನಮ್ಮ್ ಬಂಕಂಗೆ ಸಿಕ್ಕುದ್ ಎಷ್ಟ್? ಹಾಕ್ಲಕ್ಕಲ್ದಾ?" ನಾನು ಆಫೀಸಿನಲ್ಲಿದ್ದೆ. ಎರಡು ನಿಮಿಷ ಹುಡುಕಿದೆ. ನಮ್ಮ ದೇಶದ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಕನಿಷ್ಠ 91 ಎಂದಿತ್ತು. "91 ಅಂದ್ರೆ 91 ಮಾರಾಯಾ, ಹಾಕ್" ಎಂದೆ.

ಕ್ರಿಸ್‌ಮಸ್ ರಜೆಯ ಜನಜಂಗುಳಿಯ ನಡುವೆ, ದಡದಿಂದ ಒಂದು ಮೈಲಿ ಆಚೆ, ಆ ಇಂಜಿನ್ ನಿಂತಿತು. ಬಿಚ್ಚಿ ನೋಡಿದರೆ ಒಂದು ಪಿಸ್ಟನ್ನಿನ ನೆತ್ತಿ ಕರಗಿ ತೂತಾಗಿತ್ತು, ಇನ್ನೊಂದರ ಅಂಚು ಇಲಿ ಕಡಿದ ಕೊಬ್ಬರಿಯ ಹಾಗಿತ್ತು. ಸ್ಟಿಕರ್ ಮೇಲೆ 91ರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಆರ್ ಪ್ಲಸ್ ಎಂ ಬೈ ಟು ಎಂದು ಬರೆದದ್ದನ್ನು ಅವನು ಓದಿ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಅದು ಅಮೆರಿಕದ ಲೆಕ್ಕದ 91. ನಮ್ಮ ಲೆಕ್ಕದಲ್ಲಿ ಅದು 95ಕ್ಕೂ ತುಸು ಮೇಲೆ. ನಮ್ಮ ಬಂಕಿನ 91 ಅವರ ಲೆಕ್ಕಕ್ಕೆ ಬರೇ 87. ಗೆಳೆಯ ಒಂದು ಮಾತೂ ಆಡಲಿಲ್ಲ. "ಹೋಯ್ಲಿ ಬಿಡ್" ಎಂದ. ನಾನು ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ರಿಪೇರಿ ಮುಗಿಯುವಷ್ಟರಲ್ಲಿ ಮಾರ್ಚ್ ಬಂತು, ಲಾಕ್‌ಡೌನ್ ಬಂತು. ಬೋಟು ಅರ್ಧ ಬೆಲೆಗೆ ಮಾರಿಹೋಯಿತು. ಆ ತೂತು ಪಿಸ್ಟನ್ ಮಾತ್ರ ನನ್ನಲ್ಲಿ ಉಳಿಯಿತು. ಮಹೋತ್ಸವದ ನೆನಪಿಗೆ ಅದನ್ನು ಶಾಲೆಯ ವಿಜ್ಞಾನ ಪ್ರಯೋಗಾಲಯಕ್ಕೆ ಕೊಟ್ಟಿದ್ದೇನೆ. ಕಪಾಟಿನಲ್ಲಿ ಅದನ್ನು ಕಂಡು "ಇದೆಂತದು" ಎಂದು ಕೇಳುವ ಮಕ್ಕಳಿಗೆ ಈ ಬರಹವೇ ಉತ್ತರ.

ಒಂದೇ ಪೆಟ್ರೋಲಿಗೆ ಎರಡು ದೇಶಗಳಲ್ಲಿ ಎರಡು ಅಂಕಿ ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಮೊದಲು ರೋಗದ ವಿಷಯ. ಪೆಟ್ರೋಲ್ ಇಂಜಿನಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಆವಿಯನ್ನು ಪಿಸ್ಟನ್ ಒತ್ತುತ್ತದೆ, ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಬೆಂಕಿ ಪ್ಲಗ್ಗಿನ ಬಳಿ ಹುಟ್ಟಿ, ಒಣಗಿದ ತೆಂಗಿನ ಗರಿಯ ತುದಿಗೆ ಹಚ್ಚಿದ ಹಾಗೆ, ಸಾಲಾಗಿ ಹಬ್ಬಿಕೊಂಡು ಹೋಗಬೇಕು. ಹಾಗೆ ಹೋದರೆ ಪಿಸ್ಟನ್ನಿಗೆ ಸಿಗುವುದು ಒಂದು ಹದವಾದ ನೂಕು. ಆದರೆ ಹೆಚ್ಚು ಒತ್ತಿದಷ್ಟೂ ಆವಿ ಬಿಸಿಯಾಗುತ್ತದೆ. ಬೆಂಕಿ ಇನ್ನೂ ತಲುಪದ ಮೂಲೆಯಲ್ಲಿರುವ ಆವಿ ತಾನಾಗಿಯೇ ಹೊತ್ತಿಕೊಂಡರೆ ಗರಿ ಉರಿಯುವ ಬದಲು ಗರ್ನಾಲು ಸಿಡಿದ ಹಾಗಾಗುತ್ತದೆ. ಹೊರಗೆ ಕೇಳುವುದು ಕಬ್ಬಿಣಕ್ಕೆ ಸುತ್ತಿಗೆಯಿಂದ ತಟ್ಟಿದಂಥ ಸದ್ದು. ಇಂಗ್ಲಿಷಿನವರು ನಾಕಿಂಗ್ ಎನ್ನುತ್ತಾರೆ. ನಮ್ಮ ದೋಣಿಯವರು ಇಂಜಿನ್ ಕುಟ್ಟುತ್ತದೆ ಎನ್ನುತ್ತಾರೆ. ಎರಡೂ ಒಂದೇ ಮಾತು.

ಇಂಜಿನಿಗೆ ಶಕ್ತಿ ಬರುವುದು ಹೆಚ್ಚು ಒತ್ತುವುದರಿಂದ. ಕುಟ್ಟುವುದೂ ಹೆಚ್ಚು ಒತ್ತುವುದರಿಂದಲೇ. ಆಕ್ಟೇನ್ ಎಂದರೆ ಇಂಧನದ ಶಕ್ತಿ ಅಲ್ಲ, ಒತ್ತಿದರೂ ಕಿಡಿ ಬರುವವರೆಗೆ ಕಾಯುವ ಅದರ ತಾಳ್ಮೆ. ಇದನ್ನು ನಾನು ದೊಡ್ಡದಾಗಿ ಹೇಳುವುದಕ್ಕೆ ಕಾರಣವಿದೆ. ದುಬಾರಿ ಪೆಟ್ರೋಲ್ ಹಾಕಿದರೆ ಬೈಕ್ ಜೋರಾಗಿ ಓಡುತ್ತದೆಂದು ನಂಬಿದವರು ನಮ್ಮ ಆಫೀಸಿನಲ್ಲೂ ಇದ್ದಾರೆ. ಕಡಿಮೆ ಒತ್ತುವ ಇಂಜಿನಿಗೆ ಹೆಚ್ಚು ತಾಳ್ಮೆಯ ಇಂಧನ ಹಾಕಿದರೆ ಲಾಭ ಬಂಕಿನವನಿಗೆ.

ಕಳೆದ ಶತಮಾನದ ಮೊದಲ ದಶಕಗಳಲ್ಲಿ ಈ ಕುಟ್ಟುವಿಕೆಯ ಮೂಲ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆಗಿನ ಇಂಜಿನುಗಳು ಆವಿಯನ್ನು ನಾಲ್ಕು ಪಟ್ಟಿನಷ್ಟೇ ಒತ್ತುತ್ತಿದ್ದವು. ಫೋರ್ಡ್ ಮಾಡೆಲ್ ಟಿ ಕೂಡ ಅಷ್ಟೇ. ಇಂದಿನ ಕಾರುಗಳಲ್ಲಿ ಅದು ಹತ್ತು ಪಟ್ಟು ಮತ್ತು ಮೇಲೆ. ಇಂಗ್ಲೆಂಡಿನಲ್ಲಿ ಕೇಂಬ್ರಿಜ್‌ನ ಪ್ರೊಫೆಸರ್ ಬರ್ಟ್ರಾಮ್ ಹಾಪ್‌ಕಿನ್ಸನ್ ಅವರ ಶಿಷ್ಯ ಹ್ಯಾರಿ ರಿಕಾರ್ಡೊ, ಈ ಸದ್ದಿಗೆ ಇಂಜಿನಿನ ಕಬ್ಬಿಣಕ್ಕಿಂತ ಇಂಧನವೇ ಕಾರಣವೆಂದು ಹಿಡಿದರು. ಮೊದಲ ಮಹಾಯುದ್ಧದ ನಂತರ ಅವರು ಒತ್ತುವ ಪ್ರಮಾಣವನ್ನು ಓಡುತ್ತಿರುವಾಗಲೇ ಹೆಚ್ಚು ಕಡಿಮೆ ಮಾಡಬಹುದಾದ ಒಂದು ಪರೀಕ್ಷಾ ಇಂಜಿನ್ ಕಟ್ಟಿ, ಹೆನ್ರಿ ಟಿಜಾರ್ಡ್ ಮತ್ತು ಡೇವಿಡ್ ಪೈ ಎಂಬ ಇಬ್ಬರು ವಿಜ್ಞಾನಿಗಳ ಜೊತೆ ಒಂದೊಂದೇ ಇಂಧನವನ್ನು ಅದರಲ್ಲಿ ಸುಟ್ಟು ನೋಡಿದರು. ಬೋರ್ನಿಯೊ ಕಡೆಯ ಪೆಟ್ರೋಲು ಎಲ್ಲರಿಗಿಂತ ಹೆಚ್ಚು ಒತ್ತು ತಡೆಯಿತು. ತಮಾಷೆಯೆಂದರೆ, ತೂಕ ಹೆಚ್ಚು ಎಂಬ ಕಾರಣಕ್ಕೆ ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇರಲಿಲ್ಲ.

ಅಮೆರಿಕದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಓಹಿಯೊದ ಡೇಟನ್ ಊರಿನ ಚಾರ್ಲ್ಸ್ ಕೆಟ್ಟರಿಂಗ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಕೊಟ್ಟ ಮನುಷ್ಯ. ಅದು 1912ರ ಕ್ಯಾಡಿಲಾಕ್‌ನಲ್ಲಿ ಬಂತು. ಇಂಜಿನ್ ಕುಟ್ಟುವುದಕ್ಕೆ ನಿಮ್ಮ ವಿದ್ಯುತ್ ಉಪಕರಣವೇ ಕಾರಣ ಎಂದು ಜನ ಅವರನ್ನು ದೂರಿದರು. ಅದನ್ನು ಸುಳ್ಳೆಂದು ತೋರಿಸಲು 1916ರಲ್ಲಿ ಅವರು ತಮ್ಮ ಹೊಸ ಸಹಾಯಕ ಥಾಮಸ್ ಮಿಜ್ಲಿಗೆ ಈ ಕೆಲಸ ವಹಿಸಿದರು. ಮಿಜ್ಲಿ ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ರಸಾಯನಶಾಸ್ತ್ರವಲ್ಲ. ಹಿಮದ ಅಡಿಯಲ್ಲೂ ಬೇಗ ಹೂಬಿಡುವ ಕೆಂಪು ಎಲೆಯ ಗಿಡವೊಂದನ್ನು ನೆನೆದು, ಕೆಂಪು ಬಣ್ಣ ಶಾಖವನ್ನು ಬೇಗ ಹೀರುತ್ತದಾದ್ದರಿಂದ ಪೆಟ್ರೋಲಿಗೆ ಕೆಂಪು ಬಣ್ಣ ಹಾಕಿದರೆ ಬೇಗ ಆವಿಯಾದೀತು ಎಂದು ಇಬ್ಬರೂ ಊಹಿಸಿದರು. ಕೈಗೆ ಸಿಕ್ಕಿದ ಬಣ್ಣ ಅಯೋಡಿನ್. ಹಾಕಿದರು, ಕುಟ್ಟುವುದು ನಿಂತಿತು. ಆಮೇಲೆ ಬೇರೆ ಕೆಂಪು ಬಣ್ಣಗಳನ್ನು ಹಾಕಿ ನೋಡಿದರೆ ಏನೂ ಆಗಲಿಲ್ಲ. ಕೆಲಸ ಮಾಡಿದ್ದು ಅಯೋಡಿನ್, ಬಣ್ಣವಲ್ಲ. ತಪ್ಪು ಕಾರಣಕ್ಕೆ ಸರಿ ಉತ್ತರ ಬರುವುದು ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ವಾರಕ್ಕೊಮ್ಮೆ ಆಗುತ್ತದೆ. ಮಿಜ್ಲಿಯವರನ್ನು ಮೆಚ್ಚಬೇಕಾದದ್ದು, ಅವರು ಅಲ್ಲಿಗೆ ನಿಲ್ಲಿಸದೆ ಬೇರೆ ಬಣ್ಣ ಹಾಕಿಯೂ ನೋಡಿದರು ಎಂಬುದಕ್ಕೆ.

ಅಯೋಡಿನ್ ದುಬಾರಿ, ಲೋಹವನ್ನೂ ತಿನ್ನುತ್ತದೆ. ನಂತರ ಐದು ವರ್ಷ ಅವರ ತಂಡ ಸಿಕ್ಕಿದ್ದನ್ನೆಲ್ಲ ಪೆಟ್ರೋಲಿಗೆ ಬೆರೆಸಿ ನೋಡಿತು. 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಹಾಕಿದರು. ಇಂಜಿನ್ ಸುಮ್ಮನಾಯಿತು. ಒಂದು ಗ್ಯಾಲನ್ನಿಗೆ ಒಂದು ಚಹಾ ಚಮಚೆಗಿಂತ ಕಡಿಮೆ ಸಾಕು. 1923ರ ಫೆಬ್ರವರಿಯಲ್ಲಿ ಡೇಟನ್ನಿನಲ್ಲೇ ಅದರ ಮಾರಾಟ ಶುರುವಾಯಿತು. 'ಈಥೈಲ್' ಎಂಬ ಹೆಸರಿನಲ್ಲಿ, ಸೀಸ ಎಂಬ ಮಾತನ್ನು ಎಲ್ಲೂ ಎತ್ತದೆ.

ಸೀಸ ವಿಷ ಎಂಬುದು ಆಗಲೂ ಎಲ್ಲರಿಗೂ ಗೊತ್ತಿತ್ತು. ಮಿಜ್ಲಿಯವರೇ 1923ರ ಆರಂಭದಲ್ಲಿ ಸೀಸದ ಬಾಧೆಯಿಂದ ಚೇತರಿಸಿಕೊಳ್ಳಲು ಫ್ಲೋರಿಡಾಕ್ಕೆ ಹೋಗಿದ್ದರು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಈ ಸಂಯುಕ್ತ ತಯಾರಿಸುತ್ತಿದ್ದ ಕಾರ್ಮಿಕರು ಬುದ್ಧಿಭ್ರಮಣೆಯಾದವರಂತೆ ವರ್ತಿಸತೊಡಗಿದರು. ಐವರು ಸತ್ತರು, ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ಕಾರ್ಮಿಕರು ತಮ್ಮಲ್ಲೇ ಅದನ್ನು ಹುಚ್ಚು ಗ್ಯಾಸ್ ಎಂದು ಕರೆಯುತ್ತಿದ್ದರು. ಅದೇ ತಿಂಗಳ 30ರಂದು ಮಿಜ್ಲಿ ಪತ್ರಕರ್ತರ ಎದುರು ಆ ದ್ರವದಲ್ಲಿ ಕೈ ತೊಳೆದು, ಒಂದು ನಿಮಿಷ ಅದರ ಆವಿ ಮೂಸಿ, ಏನೂ ಆಗುವುದಿಲ್ಲ ಎಂದು ತೋರಿಸಿದರು. 1925ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ಸರ್ಕಾರ ಸಭೆ ಕರೆಯಿತು. ಕಾರ್ಖಾನೆ ಕಾರ್ಮಿಕರ ಕಾಯಿಲೆಗಳನ್ನು ಜೀವಮಾನವಿಡೀ ಅಧ್ಯಯನ ಮಾಡಿದ್ದ ಡಾ. ಆಲಿಸ್ ಹ್ಯಾಮಿಲ್ಟನ್ ಬೇಡ ಎಂದರು. ಸಮಿತಿಯೊಂದು ಕೆಲವು ತಿಂಗಳು ನೋಡಿ, ನಿಷೇಧಿಸಲು ತಕ್ಕ ಆಧಾರವಿಲ್ಲ ಎಂದು ವರದಿ ಕೊಟ್ಟಿತು. ಹೀಗೆ ಸೀಸ ಉಳಿಯಿತು.

ಇನ್ನೊಂದು ದಾರಿ ಇರಲಿಲ್ಲವೇ? ಇತ್ತು. ಮದ್ಯಸಾರ, ಅಂದರೆ ಎಥನಾಲ್, ಬೆರೆಸಿದರೆ ಪೆಟ್ರೋಲು ಕುಟ್ಟುವುದಿಲ್ಲ ಎಂಬುದನ್ನು ಇದೇ ಮಿಜ್ಲಿ ಸೀಸ ಸಿಗುವ ಮೊದಲೇ ಇಂಜಿನಿಯರುಗಳಿಗೆ ತೋರಿಸಿದ್ದರು. ಆದರೆ ಅದನ್ನು ಬಹಳ ಬೆರೆಸಬೇಕು, ಮತ್ತು ಯಾವ ಹೊಲದಲ್ಲೂ ಬೆಳೆಯಬಹುದಾದ ಅದಕ್ಕೆ ಪೇಟೆಂಟ್ ಸಿಗುವುದಿಲ್ಲ. ಈ ಮಾತು ನೆನಪಿರಲಿ, ಕೊನೆಯಲ್ಲಿ ಎಥನಾಲ್ ಮತ್ತೆ ಬರುತ್ತದೆ.

ಇನ್ನು ನಮ್ಮ ಅಂಕಿಯ ಹುಟ್ಟು. ಒಂದು ಇಂಧನ ಇನ್ನೊಂದಕ್ಕಿಂತ ಉತ್ತಮ ಎಂದು ಹೇಳುವುದಕ್ಕೆ 1926ರವರೆಗೆ ಎಲ್ಲರೂ ಒಪ್ಪುವ ಅಳತೆ ಇರಲಿಲ್ಲ. ರಿಕಾರ್ಡೊ ಅವರದ್ದು ಒಂದು ಲೆಕ್ಕ, ಡೇಟನ್ನಿನವರದ್ದು ಒಂದು ಲೆಕ್ಕ. ಸೇರು ಪಾವುಗಳ ಕಾಲದ ನಮ್ಮ ಸಂತೆಯ ಹಾಗೆ. ಈಥೈಲ್ ಕಂಪನಿಯ ರಸಾಯನಶಾಸ್ತ್ರಜ್ಞ ಗ್ರಹಾಂ ಎಡ್ಗರ್ ಇದಕ್ಕೆ ಸರಳ ಉಪಾಯ ಹುಡುಕಿದರು. ಕುಟ್ಟುವುದರಲ್ಲಿ ಅತಿ ಕೆಟ್ಟದಾದ ಒಂದು ಶುದ್ಧ ವಸ್ತು, ಅತಿ ಒಳ್ಳೆಯದಾದ ಇನ್ನೊಂದು ಶುದ್ಧ ವಸ್ತು, ಎರಡೂ ಹೆಚ್ಚು ಕಡಿಮೆ ಒಂದೇ ಉಷ್ಣತೆಯಲ್ಲಿ ಕುದಿಯಬೇಕು. ಕೆಟ್ಟದ್ದು ಹೆಪ್ಟೇನ್. ಅದು ಆಗ ಶುದ್ಧವಾಗಿ ಸಿಗುತ್ತಿದ್ದುದು ಕ್ಯಾಲಿಫೋರ್ನಿಯಾದ ಜೆಫ್ರಿ ಪೈನ್ ಎಂಬ ಮರದ ಅಂಟಿನಿಂದ. ಒಳ್ಳೆಯದು ಐಸೊಆಕ್ಟೇನ್, ಅದನ್ನು ಎಡ್ಗರ್ ಪ್ರಯೋಗಾಲಯದಲ್ಲೇ ತಯಾರಿಸಿದರು. ಒಂದು 98 ಡಿಗ್ರಿಗೆ ಕುದಿಯುತ್ತದೆ, ಇನ್ನೊಂದು 99ಕ್ಕೆ. ಹೆಪ್ಟೇನಿಗೆ 0, ಐಸೊಆಕ್ಟೇನಿಗೆ 100 ಎಂದಿಟ್ಟರು. 91 ಪಾಲು ಐಸೊಆಕ್ಟೇನ್, 9 ಪಾಲು ಹೆಪ್ಟೇನ್ ಬೆರೆಸಿದ ಮಿಶ್ರಣ ಎಷ್ಟು ಒತ್ತಿದಾಗ ಕುಟ್ಟುತ್ತದೋ, ನಿಮ್ಮ ಪೆಟ್ರೋಲೂ ಅಷ್ಟಕ್ಕೇ ಕುಟ್ಟಿದರೆ ಅದು 91. ಅದರಲ್ಲಿ ಐಸೊಆಕ್ಟೇನ್ 91 ಪಾಲು ಇದೆಯೆಂದು ಅರ್ಥವಲ್ಲ. ಅದರಂತೆ ವರ್ತಿಸುತ್ತದೆ ಎಂದಷ್ಟೇ.

ಅಳತೆಗೋಲು ಸಿಕ್ಕಿತು, ಆದರೆ ಯಾವ ಇಂಜಿನಿನಲ್ಲಿ ಅಳೆಯುವುದು? ಅದಕ್ಕೂ ಎಲ್ಲರೂ ಸೇರಿ ಒಂದೇ ಸಿಲಿಂಡರಿನ ಒಂದು ಪರೀಕ್ಷಾ ಇಂಜಿನ್ ಕಟ್ಟಿದರು. ಸಿ.ಎಫ್.ಆರ್. ಇಂಜಿನ್ ಎಂದು ಅದರ ಹೆಸರು, ಇವತ್ತಿಗೂ ಜಗತ್ತಿನ ಪೆಟ್ರೋಲನ್ನೆಲ್ಲ ಅದೇ ಬಗೆಯ ಇಂಜಿನಿನಲ್ಲಿ ಅಳೆಯುತ್ತಾರೆ. ಆದರೆ 1932ರಲ್ಲಿ ಪೆನ್ಸಿಲ್ವೇನಿಯದ ಯೂನಿಯನ್‌ಟೌನ್ ಬಳಿಯ ಏರು ರಸ್ತೆಯಲ್ಲಿ ನಿಜವಾದ ಕಾರುಗಳನ್ನು ಓಡಿಸಿ ನೋಡಿದಾಗ, ಪ್ರಯೋಗಾಲಯದ ಅಂಕಿಗೂ ರಸ್ತೆಯ ಸದ್ದಿಗೂ ತಾಳೆಯಾಗಲಿಲ್ಲ. ಘಾಟಿ ಹತ್ತುವ ಬಿಸಿ ಇಂಜಿನಿನಲ್ಲಿ ಪೆಟ್ರೋಲಿನ ತಾಳ್ಮೆ ಬೇಗ ಕೆಡುತ್ತಿತ್ತು. ಆಗ ಇನ್ನೂ ಕಠಿಣವಾದ ಒಂದು ವಿಧಾನ ಮಾಡಿದರು. ಹೀಗೆ ಎರಡು ಅಂಕಿ ಉಳಿದವು. ನಿಮಿಷಕ್ಕೆ 600 ಸುತ್ತಿನಲ್ಲಿ ಮೃದುವಾಗಿ ಅಳೆಯುವುದು ರಿಸರ್ಚ್ ಆಕ್ಟೇನ್. 900 ಸುತ್ತಿನಲ್ಲಿ, ಮಿಶ್ರಣವನ್ನು ಚೆನ್ನಾಗಿ ಬಿಸಿ ಮಾಡಿ ಅಳೆಯುವುದು ಮೋಟರ್ ಆಕ್ಟೇನ್. ಒಂದೇ ಪೆಟ್ರೋಲಿಗೆ ಎರಡನೆಯದು ಸಾಮಾನ್ಯವಾಗಿ ಎಂಟು ಹತ್ತು ಕಡಿಮೆ ಬರುತ್ತದೆ. ಯುರೋಪು, ನಾವು ಮೊದಲನೆಯದನ್ನು ಹಿಡಿದೆವು. ಅಮೆರಿಕದವರು 1970ರ ದಶಕದಲ್ಲಿ ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿ ಬಂಕಿನ ಮೇಲೆ ಬರೆಯತೊಡಗಿದರು. ಗೆಳೆಯನ ಇಂಜಿನಿನ ಸ್ಟಿಕರಿನಲ್ಲಿದ್ದ ಆರ್ ಎಂದರೆ ರಿಸರ್ಚ್, ಎಂ ಎಂದರೆ ಮೋಟರ್. ಇಷ್ಟು ತಿಳಿಯಲು ನನಗೆ ಒಂದು ಪಿಸ್ಟನ್ ಬೇಕಾಯಿತು.

ಕಾರಿಗೆ ನಾಲ್ಕು ಅಂಕ ಕಡಿಮೆಯಾದರೆ ಇಷ್ಟು ಬೇಗ ಪಿಸ್ಟನ್ ಕರಗುವುದು ಅಪರೂಪ. ಬೋಟಿನ ವಿಷಯ ಬೇರೆ. ಕಾರು ಏರು ಹತ್ತಿದ ಮೇಲೆ ಇಳಿಯುತ್ತದೆ, ಸಿಗ್ನಲ್ಲಿನಲ್ಲಿ ನಿಲ್ಲುತ್ತದೆ. ಇಂಜಿನಿಗೆ ಉಸಿರಾಡಲು ಪುರುಸೊತ್ತು ಸಿಗುತ್ತದೆ. ನೀರಿನಲ್ಲಿ ಇಳಿಜಾರು ಇಲ್ಲ. ಸ್ಪೀಡ್ ಬೋಟಿನ ಇಂಜಿನ್ ಓಡುವಷ್ಟು ಹೊತ್ತೂ ಘಾಟಿ ಹತ್ತುತ್ತಲೇ ಇರುತ್ತದೆ. ಅದರ ಮೇಲೆ ಗಾಳಿಯ, ಅಲೆಯ, ಸೈಲೆನ್ಸರಿನ ಸದ್ದು. ಕುಟ್ಟಿದರೂ ಕಿವಿಗೆ ಬೀಳುವುದಿಲ್ಲ.

ಆದ್ದರಿಂದಲೇ ವೇಗದ ಬೋಟಿನವರು ಇಂಧನದ ವಿಷಯದಲ್ಲಿ ಯಾವಾಗಲೂ ವಿಮಾನದವರ ಬೆನ್ನು ಹತ್ತಿದರು. 1930ರಲ್ಲಿ ಇಂಗ್ಲೆಂಡಿನ ಸರ್ ಹೆನ್ರಿ ಸೀಗ್ರೇವ್ ಅವರ 'ಮಿಸ್ ಇಂಗ್ಲೆಂಡ್ 2' ಬೋಟಿಗೆ ಹಾಕಿದ್ದು ಸ್ಪರ್ಧೆಯ ವಿಮಾನಕ್ಕೆಂದೇ ಮಾಡಿದ ಎರಡು ರೋಲ್ಸ್-ರಾಯ್ಸ್ 'ಆರ್' ಇಂಜಿನುಗಳನ್ನು. ಜೂನ್ 13ರಂದು ವಿಂಡರ್‌ಮಿಯರ್ ಸರೋವರದಲ್ಲಿ ಅವರು ಗಂಟೆಗೆ 98.76 ಮೈಲಿ, ಅಂದರೆ ಸುಮಾರು 159 ಕಿಲೋಮೀಟರ್ ವೇಗ ಮುಟ್ಟಿದರು. ಅದೇ ದಿನ ಮತ್ತೊಂದು ಓಟದಲ್ಲಿ ಬೋಟು ಮಗುಚಿ, ಸೀಗ್ರೇವ್ ಮತ್ತು ರೋಲ್ಸ್-ರಾಯ್ಸ್‌ನಿಂದ ಬಂದಿದ್ದ ವಿಕ್ಟರ್ ಹ್ಯಾಲಿವೆಲ್ ತೀರಿಕೊಂಡರು. ಎರಡು ವರ್ಷದ ಬಳಿಕ, 1932ರ ಜುಲೈಯಲ್ಲಿ, ಕೇ ಡಾನ್ 'ಮಿಸ್ ಇಂಗ್ಲೆಂಡ್ 3'ರಲ್ಲಿ 119.81 ಮೈಲಿ ಓಡಿಸಿದರೆ, ಸೆಪ್ಟೆಂಬರಿನಲ್ಲಿ ಅಮೆರಿಕದ ಗಾರ್ ವುಡ್ ನಾಲ್ಕು ಪ್ಯಾಕರ್ಡ್ ಇಂಜಿನುಗಳ 'ಮಿಸ್ ಅಮೆರಿಕ 10'ರಲ್ಲಿ 124.91 ಮೈಲಿ ಓಡಿಸಿ ಅದನ್ನು ಮುರಿದರು. ನೀರಿನ ಮೇಲೆ 200 ಕಿಲೋಮೀಟರ್ ದಾಟಿದ್ದು ಆಗ.

ಆ 'ಆರ್' ಇಂಜಿನಿಗೆ ಏನು ಕುಡಿಸುತ್ತಿದ್ದರು ಎಂಬುದು ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ರುಚಿಯಾದ ಭಾಗ. ಎಫ್. ಆರ್. ಬ್ಯಾಂಕ್ಸ್ ಎಂಬ ಇಂಧನತಜ್ಞ ಆಯುರ್ವೇದದ ಪಂಡಿತರ ಹಾಗೆ ಪ್ರತಿಯೊಂದು ಓಟಕ್ಕೂ ಬೇರೆ ಬೇರೆ ಕಷಾಯ ಮಾಡುತ್ತಿದ್ದರು. 1931ರ ಸೆಪ್ಟೆಂಬರಿನಲ್ಲಿ ಇದೇ ಇಂಜಿನಿನ ವಿಮಾನ ಗಂಟೆಗೆ 400 ಮೈಲಿಯ ಗೆರೆ ದಾಟಿದಾಗ ಅದರ ಟ್ಯಾಂಕಿನಲ್ಲಿ ಇದ್ದದ್ದು 60 ಪಾಲು ಮೆಥನಾಲ್, 30 ಪಾಲು ಬೆಂಜೋಲ್, 10 ಪಾಲು ಅಸಿಟೋನ್, ಮೇಲೆ ತುಸು ಸೀಸ. ಪೆಟ್ರೋಲು ಒಂದು ಹನಿಯೂ ಇರಲಿಲ್ಲ! ಇಂಥ ಇಂಧನದಲ್ಲಿ ಇಂಜಿನಿನ ಆಯುಷ್ಯ ಗಂಟೆಗಳ ಲೆಕ್ಕ, ಆದರೆ ಅವರಿಗೆ ಬೇಕಾಗಿದ್ದದ್ದು ನಿಮಿಷಗಳಷ್ಟೇ.

ಈ ಪಾಠ ಯುದ್ಧದಲ್ಲಿ ಉಪಯೋಗಕ್ಕೆ ಬಂತು. 1940ರಲ್ಲಿ ಬ್ರಿಟನ್ನಿನ ಯುದ್ಧವಿಮಾನಗಳಿಗೆ 87ರ ಬದಲು 100 ಆಕ್ಟೇನ್ ಇಂಧನ ಬಂದಾಗ, ಅದೇ ಮರ್ಲಿನ್ ಇಂಜಿನಿನ ಸೂಪರ್‌ಚಾರ್ಜರ್ ಒತ್ತಡವನ್ನು ಆರೂಕಾಲು ಪೌಂಡಿನಿಂದ ಹನ್ನೆರಡಕ್ಕೆ ಏರಿಸಲು ಸಾಧ್ಯವಾಯಿತು. ಸಾವಿರ ಅಶ್ವಶಕ್ತಿಯ ಆಸುಪಾಸಿನ ಇಂಜಿನ್ ತಗ್ಗಿನ ಹಾರಾಟದಲ್ಲಿ ಸಾವಿರದ ಮುನ್ನೂರು ಕೊಟ್ಟಿತು. ಇಂಧನ ಶಕ್ತಿ ಕೊಡಲಿಲ್ಲ, ಹೆಚ್ಚು ಒತ್ತಲು ಅವಕಾಶ ಕೊಟ್ಟಿತು. ಯುದ್ಧ ಮುಗಿದ ಮೇಲೆ ಈ ಇಂಜಿನುಗಳು ಗುಜರಿ ಬೆಲೆಗೆ ಸಿಗತೊಡಗಿದವು. ಅಮೆರಿಕದ ಬೋಟು ಪಂದ್ಯದವರು ಅವನ್ನು ಹೊತ್ತುಕೊಂಡು ಹೋದರು. 1950ರ ಜೂನ್ 26ರಂದು ಸಿಯಾಟಲ್‌ನ ಲೇಕ್ ವಾಷಿಂಗ್ಟನ್ನಿನಲ್ಲಿ ಸ್ಟ್ಯಾನ್ಲಿ ಸೇಯರ್ಸ್ ಅವರ 'ಸ್ಲೋ-ಮೋ-ಶನ್ 4' ಎಂಬ ಬೋಟು ಒಂದೇ ಒಂದು ಆಲಿಸನ್ ವಿಮಾನ ಇಂಜಿನಿನಿಂದ ಗಂಟೆಗೆ 160.32 ಮೈಲಿ, ಅಂದರೆ 258 ಕಿಲೋಮೀಟರ್ ಓಡಿತು. ಗಾರ್ ವುಡ್ ಅವರಿಗೆ ನಾಲ್ಕು ಇಂಜಿನ್ ಬೇಕಾಗಿದ್ದವು ಎಂಬುದನ್ನು ನೆನಪಿಸಿಕೊಳ್ಳಿ. ಬೋಟಿನ ತಳದ ವಿನ್ಯಾಸಕ್ಕೂ ಇದರಲ್ಲಿ ದೊಡ್ಡ ಪಾಲಿದೆ, ಎಲ್ಲ ಕೀರ್ತಿ ಇಂಧನಕ್ಕಲ್ಲ.

ಇಷ್ಟೆಲ್ಲ ದೂರದ ಕಥೆ ಓದುವಾಗ ನನಗೆ ನೆನಪಾದದ್ದು ಅಪ್ಪಯ್ಯನ ನಾಡದೋಣಿ. ಜಗತ್ತು ಇಂಧನದ ಆಕ್ಟೇನ್ ಏರಿಸಿ ಇಂಜಿನಿಗೆ ತಕ್ಕಂತೆ ಮಾಡುತ್ತಿದ್ದರೆ, ನಮ್ಮ ಕರಾವಳಿಯಲ್ಲಿ ಇಂಜಿನನ್ನೇ ಇಳಿಸಿ ಇಂಧನಕ್ಕೆ ತಕ್ಕಂತೆ ಮಾಡಿದರು. ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಇಂಜಿನುಗಳು ನಮ್ಮಲ್ಲಿ ಓಡಿದ್ದು ಬಹುಪಾಲು ಚಿಮಣಿ ಎಣ್ಣೆಯಲ್ಲಿ, ಸರ್ಕಾರದ ಪರ್ಮಿಟ್ಟಿನಲ್ಲಿ ಸಿಗುತ್ತಿದ್ದ ಸೀಮೆಎಣ್ಣೆಯಲ್ಲಿ. ಅದರ ಆಕ್ಟೇನ್ ಪೆಟ್ರೋಲಿನ ಅರ್ಧವೂ ಇಲ್ಲ. ಹಾಗಾಗಿ ಆ ಇಂಜಿನುಗಳು ಕಡಿಮೆ ಒತ್ತುವಂತೆಯೇ ತಯಾರಾಗಿ ಬರುತ್ತಿದ್ದವು. ತಣ್ಣಗಿರುವಾಗ ಚಿಮಣಿ ಎಣ್ಣೆ ಆವಿಯಾಗುವುದಿಲ್ಲವಾದ್ದರಿಂದ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಎಣ್ಣೆಗೆ ತಿರುಗಿಸುವುದು, ದಡ ಸೇರುವ ಮುಂಚೆ ಮತ್ತೆ ಪೆಟ್ರೋಲಿಗೆ ತಿರುಗಿಸಿ ನಿಲ್ಲಿಸುವುದು. ಶಾಲೆಗೆ ಹೋಗುವ ಮೊದಲು ಬೆಳಗಿನ ಜಾವ ಎರಡು ಕ್ಯಾನು ಹೊತ್ತು ಹೊಯ್ಗೆಯ ಮೇಲೆ ನಡೆದದ್ದು ನನಗೆ ನೆನಪಿದೆ. ಯಾವುದು ಯಾವ ಕ್ಯಾನೆಂದು ತಪ್ಪಿದರೆ ಪೆಟ್ಟು ಬೀಳುತ್ತಿತ್ತು.

ಅಪ್ಪಯ್ಯನಿಗೆ ಆಕ್ಟೇನ್ ಎಂಬ ಶಬ್ದ ಗೊತ್ತಿರಲಿಲ್ಲ. "ಇಂಜಿನ್ ಕುಟ್ಟುಕ್ ಹಿಡದ್ರೆ ಮೊದ್ಲ್ ಎಕ್ಸಲೇಟರ್ ಇಳ್ಸ್ಕ್, ಮತ್ತೆ ಯೋಚ್ನಿ ಮಾಡ್ಕ್" ಎನ್ನುತ್ತಿದ್ದ. ಇಂದಿನ ಇಂಜಿನುಗಳಲ್ಲಿ ಇದನ್ನೇ ಒಂದು ಸೆನ್ಸರ್ ಮತ್ತು ನನ್ನಂಥವರು ಬರೆದ ಪ್ರೋಗ್ರಾಂ ಮಾಡುತ್ತವೆ. ಕುಟ್ಟುವ ಸದ್ದು ಹಿಡಿದು, ಕಿಡಿಯನ್ನು ತುಸು ತಡಮಾಡಿ, ಇಂಜಿನನ್ನು ಕಾಯುತ್ತವೆ. ಗೆಳೆಯನ ಬೋಟಿನಲ್ಲೂ ಆ ಸೆನ್ಸರ್ ಇತ್ತು. ಅದರ ವಯರಿನ ತುದಿ ಉಪ್ಪುಗಾಳಿಗೆ ಹಸಿರುಗಟ್ಟಿ ತುಂಡಾಗಿತ್ತು. ಎಚ್ಚರಿಕೆಯ ದೀಪ ಉರಿಯುತ್ತಿದ್ದುದನ್ನು ಹಳೆ ಬೋಟಿಗೆ ಇದೆಲ್ಲ ಸಾಮಾನ್ಯ ಎಂದು ಅವನು ಬಿಟ್ಟಿದ್ದ. ಅಪ್ಪಯ್ಯ ಆ ಬೋಟಿನಲ್ಲಿ ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಸೀಸದ ಕಥೆಗೆ ಕೊನೆ ಬಂದದ್ದು ನಮ್ಮ ಕಾಲದಲ್ಲೇ. ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು ಲೆಕ್ಕ ಹಾಕಿದ ಅಮೆರಿಕದ ಕ್ಲೇರ್ ಪ್ಯಾಟರ್ಸನ್, ಕಲ್ಲಿನೊಳಗಿನ ಸೀಸ ಅಳೆಯಲು ಹೋದಾಗಲೆಲ್ಲ ಸುತ್ತಲ ಗಾಳಿ, ಧೂಳುಗಳಿಂದ ಸೀಸ ಬಂದು ಸೇರುತ್ತಿತ್ತು. ಅದರ ಬೆನ್ನು ಹತ್ತಿ, ಮನುಷ್ಯರ ಮೈಯಲ್ಲಿ ಸಹಜಕ್ಕಿಂತ ಎಷ್ಟೋ ಪಟ್ಟು ಸೀಸ ಸೇರಿದೆಯೆಂದು 1965ರಲ್ಲಿ ಅವರು ಬರೆದರು. ಮಕ್ಕಳ ಮಿದುಳಿಗೆ ಅದು ಮಾಡುವ ಕೇಡು ಮುಂದಿನ ದಶಕಗಳಲ್ಲಿ ಖಚಿತವಾಯಿತು. ನಮ್ಮಲ್ಲಿ ಸೀಸವಿಲ್ಲದ ಪೆಟ್ರೋಲು 1995ರಲ್ಲಿ ನಾಲ್ಕು ಮಹಾನಗರಗಳಿಗೆ ಬಂತು. 2000ದ ಫೆಬ್ರವರಿ 1ರಿಂದ ಇಡೀ ದೇಶದಲ್ಲಿ ಸೀಸದ ಪೆಟ್ರೋಲು ನಿಂತಿತು. ಆ ವರ್ಷ ಜೂನ್‌ನಲ್ಲಿ ನಾವು ಎಂಟನೇ ತರಗತಿಗೆ ಈ ಶಾಲೆಯ ಮೆಟ್ಟಿಲು ಹತ್ತಿದೆವು. ನಮ್ಮ ಬಾಲ್ಯವೆಲ್ಲ ಆ ಹೊಗೆಯಲ್ಲಿ ಕಳೆದಿತ್ತು ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಜಗತ್ತಿನಲ್ಲಿ ಕೊನೆಯದಾಗಿ ವಾಹನಗಳಿಗೆ ಅದನ್ನು ಮಾರಿದ್ದು ಅಲ್ಜೀರಿಯಾ, 2021ರಲ್ಲಿ. ಮಿಜ್ಲಿ ಇದನ್ನೆಲ್ಲ ನೋಡಲಿಲ್ಲ, ಅವರು 1944ರಲ್ಲೇ ತೀರಿಕೊಂಡಿದ್ದರು. ಸಣ್ಣ ಪಿಸ್ಟನ್ ವಿಮಾನಗಳ ಇಂಧನದಲ್ಲಿ ಸೀಸ ಇವತ್ತಿಗೂ ಪೂರ್ತಿ ಹೋಗಿಲ್ಲ.

ಸೀಸ ಹೋದ ಜಾಗಕ್ಕೆ ಬಂದವುಗಳಲ್ಲಿ ಒಂದು, ನೂರು ವರ್ಷದ ಹಿಂದೆ ಬದಿಗೆ ಸರಿಸಿದ ಅದೇ ಎಥನಾಲ್. ಈಗ ಬಂಕುಗಳಲ್ಲಿ 20 ಪಾಲು ಎಥನಾಲ್ ಬೆರೆತ ಪೆಟ್ರೋಲು ಸಿಗುತ್ತದೆ. ಅದರ ಆಕ್ಟೇನ್ ನಮ್ಮ ಲೆಕ್ಕದ 95. ಅಂಕಿ ನೋಡಿದರೆ ಗೆಳೆಯನ ಹಳೆ ಬೋಟಿಗೆ ಬಹುತೇಕ ಸಾಕಾಗುತ್ತಿತ್ತು! ಆದರೆ ಬೋಟಿಗೆ ಇಲ್ಲಿ ಬೇರೆ ತೊಡಕು. ಎಥನಾಲ್ ನೀರನ್ನು ಹೀರುತ್ತದೆ. ಕಡಲ ತೇವ ಟ್ಯಾಂಕಿನೊಳಗೆ ಹೋಗಿ ಒಂದು ಮಿತಿ ಮೀರಿತೆಂದರೆ, ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಇಂಜಿನ್ ಮೊದಲು ಕುಡಿಯುವುದು ತಳದ ಆ ನೀರನ್ನು. ಮೇಲೆ ಉಳಿದ ಪೆಟ್ರೋಲು ಎಥನಾಲ್ ಕಳೆದುಕೊಂಡು 95ರಿಂದ ಕೆಳಗೆ ಬಂದಿರುತ್ತದೆ. ಬಹಳಷ್ಟು ಬೋಟು ಇಂಜಿನುಗಳ ಕೈಪಿಡಿಯಲ್ಲಿ ಎಥನಾಲ್ 10 ಪಾಲಿಗಿಂತ ಹೆಚ್ಚಿರಬಾರದು ಎಂದೇ ಬರೆದಿರುತ್ತದೆ. ಹೀಗಾಗಿ ಆಕ್ಟೇನ್ ಒಂದನ್ನೇ ನೋಡಿ ಇಂಧನ ಆರಿಸುವ ಕಾಲ ಹೋಯಿತು. ಮಳೆಗಾಲದಲ್ಲಿ ಬೋಟು ಮೇಲೆ ಎಳೆದಿಡುವವರು ಟ್ಯಾಂಕಿನಲ್ಲಿ ಹಳೆ ಪೆಟ್ರೋಲು ಬಿಡಬೇಡಿ ಎಂದಷ್ಟು ನಾನು ಧೈರ್ಯವಾಗಿ ಹೇಳಬಲ್ಲೆ.

ಗೆಳೆಯ ಕಳೆದ ವರ್ಷ ಮತ್ತೆ ಒಂದು ಬೋಟು ತಂದಿದ್ದಾನೆ. ಈ ಸಲ ಸೂಪರ್‌ಚಾರ್ಜರ್ ಇಲ್ಲದ ಸಾದಾ ಔಟ್‌ಬೋರ್ಡ್. ತಂದ ದಿನವೇ ಸ್ಟಿಕರಿನ ಫೋಟೋ ತೆಗೆದು ನನಗೆ ಕಳಿಸಿದ, ಸಣ್ಣ ಅಕ್ಷರಗಳೂ ಕಾಣುವ ಹಾಗೆ ಹತ್ತಿರದಿಂದ. ಹಿಂದೆಯೇ ಫೋನು ಬಂತು. ನಾನು ಬಾಯಿ ತೆರೆಯುವ ಮುಂಚೆ ಅವನೇ ಕೇಳಿದ: "ಮೊದ್ಲ್ ಹೇಳ್ ಮಾರಾಯಾ, ಇದ್ ಯಾರ್ ಲೆಕ್ಕದ್ 91?"

ಸ್ವಲ್ಪ ತಡಿ ಎಂದು ಹೇಳಿ, ಕೈಪಿಡಿ ತರಿಸಿ, ಆ ಪುಟ ಎರಡು ಸಲ ಓದಿದ ಮೇಲೆ ನಾನು ಉತ್ತರ ಹೇಳಿದೆ.